ನನ್ನ ಫೋಟೋ ನನಗೆ ಕೊಡಿ

"ಅಮ್ಮಾ, ಇದು ಕ್ಯಾಮೆರಾ ಅಲ್ಲ, ದುಡ್ಡು ತಿನ್ನೋ ಡಬ್ಬಿ" ಎಂದ ನನ್ನ ಮಗ. ಅಷ್ಟು ಹೇಳಿ ಸುಮ್ಮನಾಗಿದ್ದರೆ ನಾನೂ ಸುಮ್ಮನಾಗುತ್ತಿದ್ದೆನೇನೋ. ಅವನು ಲೆಕ್ಕ ಹಾಕಿ ತೋರಿಸಿದ. ಹತ್ತು ಹಾಳೆಯ ಒಂದು ಪೊಟ್ಟಣಕ್ಕೆ ಇಷ್ಟು, ಹಾಗಾದರೆ ಒಂದು ಫೋಟೋಕ್ಕೆ ಐವತ್ತು ರೂಪಾಯಿಗೂ ಮೇಲೆ. ಅದೂ ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದಾದ ಫೋಟೋ. ಅದರಲ್ಲೂ ಸ್ವಲ್ಪ ಹತ್ತಿರ ಹೋದರೆ ಮುಖಕ್ಕೆ ಸುಣ್ಣ ಬಳಿದ ಹಾಗೆ ಬರುತ್ತದೆ. "ನನ್ನ ಫೋನ್‌ನಲ್ಲಿ ಇಪ್ಪತ್ತೆರಡು ಸಾವಿರ ಫೋಟೋ ಇದೆ, ಒಂದು ಪೈಸೆ ಖರ್ಚಿಲ್ಲ" ಎಂದು ಮಾತು ಮುಗಿಸಿದ. ಸರಿಯಪ್ಪ, ಅದರಲ್ಲಿ ನನ್ನದು ಎಷ್ಟಿದೆ ತೋರಿಸು ಎಂದೆ. ಹುಡುಕುತ್ತಾ ಕೂತ. ನಾನು ಒಳಗೆ ಹೋಗಿ ಬೇಳೆಗೆ ಕುಕ್ಕರ್ ಇಟ್ಟು, ಮೂರು ಸಲ ಕೂಗಿಸಿ, ಇಳಿಸಿ ಬಂದೆ. ಇನ್ನೂ ಹುಡುಕುತ್ತಿದ್ದ.

ಅವನ ಲೆಕ್ಕಕ್ಕೆ ಅವತ್ತು ನಾನು ಉತ್ತರ ಕೊಡಲಿಲ್ಲ. ಗಂಡುಮಕ್ಕಳು ಅಂಕಿ ಹಿಡಿದುಕೊಂಡು ವಾದಕ್ಕೆ ಬಂದರೆ ನಮಗೆ ಉತ್ತರ ಹೊಳೆಯುವುದು ಪಾತ್ರೆ ತೊಳೆಯುವಾಗಲೇ. ಈಗ ಹೊಳೆದಿದೆ, ಹೇಳುತ್ತೇನೆ.

ಕ್ಯಾಮೆರಾ ನಾನು ಕೊಂಡದ್ದಲ್ಲ. ನನ್ನ ತಂಗಿಯ ಮಗಳು ರಜಕ್ಕೆ ಬಂದಿದ್ದವಳು ನಮ್ಮ ಕೋಣನಕುಂಟೆ ಕ್ರಾಸಿನ ಮೆಟ್ರೋ ಸ್ಟೇಷನ್ ಪಕ್ಕದ ಮಾಲ್‌ಗೆ ಹೋಗಿ ತಂದಳು. ನಾಲ್ಕು ದಿನ ಮನೆಮಂದಿಯನ್ನೆಲ್ಲ ನಿಲ್ಲಿಸಿ ಕೂರಿಸಿ ಆಡಿದಳು. ಹೊರಡುವಾಗ ಪೆಟ್ಟಿಗೆಯಲ್ಲಿ ಜಾಗವಿಲ್ಲವೆಂದು "ದೊಡ್ಡಮ್ಮ, ನೀವೇ ಇಟ್ಕೊಳ್ಳಿ" ಎಂದು ಬಿಟ್ಟುಹೋದಳು. ಆಕಾಶನೀಲಿ ಬಣ್ಣ, ಸೋಪಿನ ಡಬ್ಬಿಯಂಥ ಮೈ. ಅದಕ್ಕೆ ಬೇಕಾದ್ದು ಎರಡು ಪೆನ್ಸಿಲ್ ಸೆಲ್ಲು. ಕಣ್ಣಿಟ್ಟು ನೋಡಲು ಒಂದು ಕಿಂಡಿ, ಒತ್ತಲು ಒಂದು ಗುಂಡಿ. ಪರದೆ ಇಲ್ಲ, ಬೆರಳಿಂದ ಎಳೆದು ಹಿಗ್ಗಿಸುವುದಿಲ್ಲ, ಅಳಿಸುವುದಂತೂ ಇಲ್ಲವೇ ಇಲ್ಲ. ಒತ್ತಿದರೆ ಹಗಲು ರಾತ್ರಿ ಎನ್ನದೆ ಫ್ಲ್ಯಾಷ್ ಹೊಡೆದು, ಗರ್‍ ಎಂದು ಸದ್ದು ಮಾಡಿ, ಮೇಲಿನಿಂದ ಒಂದು ಬಿಳಿ ಹಾಳೆಯನ್ನು ಉಗುಳುತ್ತದೆ. ಒಂದು, ಒಂದೂವರೆ ನಿಮಿಷ ಕಾದರೆ ಮುಸುರೆ ನೀರು ತಿಳಿಯಾದ ಹಾಗೆ ಮೊದಲು ಕೂದಲು, ಆಮೇಲೆ ಕಣ್ಣು, ಆಮೇಲೆ ಸೀರೆಯ ಬಣ್ಣ ತೇಲಿಬರುತ್ತವೆ. ನನ್ನಂಥ, ರಿಮೋಟಿಗೂ ಮಕ್ಕಳನ್ನು ಕರೆಯುವ ಹೆಂಗಸೂ ಮೊದಲ ದಿನವೇ ಕಲಿತಳು.

ಮೊದಲ ಫೋಟೋ ತೆಗೆದದ್ದು ನಮ್ಮ ಅತ್ತೆಯವರದು. ಆಗ ಅವರಿಗೆ ಎಂಬತ್ತಾರು. ಹಿತ್ತಲ ಮೆಟ್ಟಿಲ ಮೇಲೆ ಕೂತು ಅವರೆಕಾಳು ಹಿಚುಕುತ್ತಿದ್ದರು. ತೆಗೆದು, ಬಿಳಿ ಹಾಳೆಯನ್ನು ಕೈಗೆ ಕೊಟ್ಟೆ. "ಏನೇ ಇದು, ಏನೂ ಇಲ್ಲ?" ಎಂದರು. ಇರಿ ಎಂದೆ. ಮುಖ ಮೂಡುತ್ತಿದ್ದ ಹಾಗೆ ಕಾಳು ಹಿಚುಕುವ ಕೈ ನಿಂತಿತು. ಬಹಳ ಹೊತ್ತು ನೋಡಿ ಕೇಳಿದರು:

"ಇದು ನನಗೇನಾ?"

"ನಿಮಗೇ ಅತ್ತೆ."

"ಮತ್ತೆ ನಿನಗೆ?"

"ಇದಕ್ಕೆ ಇನ್ನೊಂದಿಲ್ಲ. ಇದೊಂದೇ."

ಅವರು ಅದನ್ನು ಸೆರಗಿನಿಂದ ಒರೆಸಿ ಎಲೆಯಡಿಕೆ ಸಂಚಿಯೊಳಗೆ ಇಟ್ಟುಕೊಂಡರು. ನನಗೆ ಅವತ್ತೇ ಗೊತ್ತಾಗಿದ್ದು: ಆ ಮನೆಯ ಗೋಡೆಯ ಮೇಲೆ ಅವರ ಫೋಟೋ ನಾಲ್ಕಿವೆ, ಆಲ್ಬಂಗಳಲ್ಲಿ ಇಪ್ಪತ್ತಾದರೂ ಇವೆ, ಆದರೆ 'ಇದು ನನ್ನದು' ಎಂದು ಅವರು ಎತ್ತಿಟ್ಟುಕೊಂಡದ್ದು ಒಂದೂ ಇರಲಿಲ್ಲ. ಗೋಡೆಯ ಮೇಲಿನವು ಮನೆಯವು. ಆಲ್ಬಂ ಮಾವನವರ ಬೀರುವಿನದು. ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತಿತ್ತೆಂದು ನಿಮಗೆ ಹೇಳಬೇಕಾಗಿಲ್ಲ.

ನನ್ನ ವಾದ ಇಷ್ಟೇ. ಫೋಟೋ ಅದರೊಳಗೆ ಇರುವವಳದು. ತೆಗೆದವನದಲ್ಲ, ತೆಗೆಸಿದವನದಲ್ಲ, ದುಡ್ಡು ಕೊಟ್ಟವನದಲ್ಲ. ಇದನ್ನು ಮಾತಿನಲ್ಲಿ ಎಲ್ಲರೂ ಒಪ್ಪುತ್ತಾರೆ, ಒಪ್ಪಿಕೊಂಡು ಫೋಟೋವನ್ನು ತಮ್ಮ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಜೇಬಿಗೆ ಹಾಕಿಕೊಳ್ಳಲು ಬಿಡದೆ, ಅಲ್ಲೇ ಕೈಗೆ ಕೊಡಿಸುವ ಒಂದೇ ಒಂದು ಸಾಧನ ನಮಗೆ ಸಿಕ್ಕಿರುವಾಗ ಅದನ್ನು ಮಕ್ಕಳಾಟ, ದುಂದು, ಶೋಕಿ ಎಂದು ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಸಿಟ್ಟಿಗೆ ಒಂದು ಹಳೆಯ ಕಾರಣವೂ ಇದೆ. 1983ರಲ್ಲಿ ನನಗೆ ಗಂಡು ನೋಡುತ್ತಿದ್ದರು. ತುಮಕೂರಿನ ಒಂದು ಸ್ಟುಡಿಯೋಕ್ಕೆ ಅಮ್ಮ ಕರೆದುಕೊಂಡು ಹೋದಳು. ಪಕ್ಕದ ಮನೆಯವರ ಮೈಸೂರು ರೇಷ್ಮೆ ಸೀರೆ, ಚಿಕ್ಕಮ್ಮನ ಎರಡೆಳೆ ಸರ. ಹಿಂದುಗಡೆ ಪರದೆಯ ಮೇಲೆ ಬರೆದ ಅರಮನೆಯ ಮೆಟ್ಟಿಲು. ಫೋಟೋದವನು ಬಂದು ನನ್ನ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಓರೆ ಮಾಡಿ, "ನಗ್ಬೇಡಿ, ನಕ್ಕ ಹಾಗೆ ಮಾಡಿ" ಎಂದ. ಆರು ಕಾಪಿ ಹಾಕಿಸಿದರು. ನೆಗೆಟಿವ್ ಸ್ಟುಡಿಯೋದವನ ಹತ್ತಿರವೇ ಉಳಿಯಿತು. ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆರೂ ಕಾಪಿಗಳು ಜಾತಕದ ಜೊತೆ ಆರು ಊರಿಗೆ ಹೋದವು. ಜಾತಕ ವಾಪಸು ಬರುತ್ತಿತ್ತು, 'ಕೂಡಿಬರಲಿಲ್ಲ' ಎಂಬ ಎರಡು ಸಾಲಿನ ಕಾಗದವೂ ಬರುತ್ತಿತ್ತು. ಫೋಟೋ ಮಾತ್ರ ಬರುತ್ತಿರಲಿಲ್ಲ. ನನ್ನ ಕೈಯಲ್ಲಿ ಒಂದೂ ಇರಲಿಲ್ಲ. ಇಪ್ಪತ್ತೆರಡು ವರ್ಷದ ನಾನು ಹೇಗಿದ್ದೆ ಎಂದು ನನಗೆ ಗೊತ್ತಿರಲಿಲ್ಲ, ಗುರುತಿಲ್ಲದ ಆರು ಮನೆಯವರಿಗೆ ಗೊತ್ತಿತ್ತು.

ಮದುವೆಯಾಗಿ ಎಂಟು ವರ್ಷದ ಮೇಲೆ, 1991ರಲ್ಲಿ, ನಮ್ಮವರ ಕಡೆಯ ದೂರದ ಸಂಬಂಧಿಕರೊಬ್ಬರ ಮನೆಗೆ ಸೀಮಂತಕ್ಕೆ ಹೋಗಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರೆಲ್ಲ ಕಾಲು ಚಾಚಿ ಕೂತು ಹಳೆಯ ಫೋಟೋ ನೋಡುತ್ತಿದ್ದೆವು. ಆ ಮನೆಯ ಹಿರಿಯಾಕೆ ಒಂದು ಬಿಸ್ಕತ್ತಿನ ಟಿನ್ ತಂದು, "ಇದ್ರಲ್ಲಿರೋರು ನಮ್ಮ ಹುಡುಗರಿಗೆ ಬಂದಿದ್ದ ಹೆಣ್ಣುಗಳು ಕಣ್ರೇ" ಎಂದು ನಗುತ್ತಾ ಮುಚ್ಚಳ ತೆಗೆದರು. ಹದಿನಾಲ್ಕು ಫೋಟೋಗಳಿದ್ದವು. ಒಬ್ಬೊಬ್ಬಳನ್ನೂ ನೋಡಿ ಒಂದೊಂದು ಮಾತು. ಇವಳ ಹಲ್ಲು, ಅವಳ ಮೂಗು, ಇವಳಪ್ಪ ವರದಕ್ಷಿಣೆಗೆ ಚೌಕಾಸಿ ಮಾಡಿದ್ದು. ಒಂಬತ್ತನೆಯದೋ ಹತ್ತನೆಯದೋ ನನ್ನದು. ಅರಮನೆಯ ಮೆಟ್ಟಿಲು, ಓರೆ ಗಲ್ಲ. ತಿರುಗಿಸಿ ನೋಡಿದೆ. ಹಿಂದುಗಡೆ ಪೆನ್ಸಿಲಿನಲ್ಲಿ ಎರಡು ಪದ: 'ಬಣ್ಣ ಸಾಲದು'.

"ಅಯ್ಯೋ, ನಿನ್ನದೇನಾ ಅದು! ನೋಡು, ನಮಗೆ ನೆನಪೇ ಇಲ್ಲ" ಎಂದು ಆಕೆ ಮನಸಾರೆ ನಕ್ಕರು. ಕೆಟ್ಟವರೇನಲ್ಲ, ಅವತ್ತು ನನಗೆ ಎರಡನೆಯ ಸಲ ಹೋಳಿಗೆ ಬಡಿಸಿದವರೂ ಅವರೇ. ನಾನು ಫೋಟೋ ಎತ್ತಿಕೊಂಡೆ. "ಇರ್ಲಿ ಬಿಡಮ್ಮ, ಟಿನ್‌ನಲ್ಲೇ ಇರ್ಲಿ, ಯಾತಕ್ಕೆ ಈಗ?" ಎಂದರು. ಅದು ಅವರದು ಎಂಬ ಧಾಟಿಯಲ್ಲಿ ಹೇಳಿದರು. ನಾನು ಕೊಡಲಿಲ್ಲ. ಈಗಲೂ ನನಗೆ ಚುಚ್ಚುವುದು ಆ ಎರಡು ಪದಗಳಲ್ಲ. ಉಳಿದ ಹದಿಮೂರು ಹುಡುಗಿಯರನ್ನು ಟಿನ್ನಿನಲ್ಲೇ ಬಿಟ್ಟು ಬಂದೆನಲ್ಲ, ಅದು.

ಈಗ ಬೇರೆ ಕಡೆಯ ಒಂದು ಕಥೆ. 1943ರಲ್ಲಿ ಅಮೆರಿಕದ ಸಾಂಟಾ ಫೆ ಎಂಬ ಊರಿಗೆ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿ ಸಂಸಾರ ಸಮೇತ ರಜಕ್ಕೆ ಹೋಗಿದ್ದ. ಮೂರು ವರ್ಷದ ಮಗಳ ಫೋಟೋ ತೆಗೆದ. ಮಗು, ಈಗಲೇ ಯಾಕೆ ನೋಡೋಕಾಗಲ್ಲ ಎಂದು ಕೇಳಿತು. ಅಪ್ಪನ ತಲೆಯಲ್ಲಿ ಹುಳು ಹೊಕ್ಕಿತು. 1947ರ ಫೆಬ್ರವರಿ 21ರಂದು ನ್ಯೂಯಾರ್ಕಿನಲ್ಲಿ ವಿಜ್ಞಾನಿಗಳ ಸಭೆಯ ಮುಂದೆ ಅವನು ತನ್ನದೇ ಫೋಟೋ ತೆಗೆದು ಒಂದು ನಿಮಿಷದಲ್ಲಿ ಕಾಗದ ಸುಲಿದು ತೋರಿಸಿದ. ಮರುವರ್ಷ ನವೆಂಬರಿನಲ್ಲಿ ಬಾಸ್ಟನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಪೊಲರಾಯ್ಡ್ ಕ್ಯಾಮೆರಾ 89 ಡಾಲರ್ 75 ಸೆಂಟಿಗೆ ಮಾರಾಟಕ್ಕೆ ಬಂತು. ಆ ಕಾಲಕ್ಕೆ ಅದು ಅಗ್ಗವಲ್ಲ. ಆದರೂ ತಂದಿಟ್ಟದ್ದು ಮೊದಲ ದಿನವೇ ಖಾಲಿಯಾಯಿತು.

ಈ ಕಥೆಯನ್ನು ಎಲ್ಲರೂ ಅಪ್ಪನ ಜಾಣತನದ ಕಥೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಪ್ರಶ್ನೆ ಕೇಳಿದ್ದು ಕ್ಯಾಮೆರಾ ಹಿಡಿದವನಲ್ಲ, ಅದರ ಮುಂದೆ ನಿಂತವಳು. ಹಿಡಿದವನಿಗೆ ಆತುರವೇನಿತ್ತು? ಕಿಂಡಿಯಲ್ಲಿ ಅವನಾಗಲೇ ನೋಡಿದ್ದ. ನಿಂತವಳಿಗೆ ತಾನು ಹೇಗೆ ಕಂಡೆ ಎಂದು ಗೊತ್ತಾಗಬೇಕಿತ್ತು. ನಮ್ಮಲ್ಲಿ ಮೂರು ವರ್ಷದ ಹೆಣ್ಣುಮಗು ಹಾಗೆ ಕೇಳಿದ್ದರೆ 'ಸುಮ್ನಿರೇ, ತೊಳೆಸಿ ತರಬೇಕು' ಎನ್ನುತ್ತಿದ್ದೆವು.

ತೊಳೆಸಿ ತರುವುದು ಎಂದರೇನೆಂದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಮೂವತ್ತಾರು ಫೋಟೋದ ರೀಲು ಮುಗಿಯುವವರೆಗೆ ಯಾರೂ ಸ್ಟುಡಿಯೋಕ್ಕೆ ಒಯ್ಯುತ್ತಿರಲಿಲ್ಲ. ಗೌರಿಹಬ್ಬಕ್ಕೆ ತೆಗೆದದ್ದನ್ನು ಸಂಕ್ರಾಂತಿಗೆ ನೋಡಿದ್ದೂ ಉಂಟು. ಅಷ್ಟರಲ್ಲಿ ಅದು ಅಪರಿಚಿತ ಗಂಡಸಿನ ಕತ್ತಲೆ ಕೋಣೆಯಲ್ಲಿ ತೊಳೆದು, ನೇತುಹಾಕಿ, ಒಣಗಿ ಬರಬೇಕು. ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಊರಿನ ಹುಡುಗಿಯರ ಫೋಟೋವನ್ನು ಅವರನ್ನು ಕೇಳದೆ 'ಮಾದರಿ' ಎಂದು ನಿಲ್ಲಿಸಿರುತ್ತಿದ್ದದ್ದು ನೆನಪಿದೆಯೇ? ನನ್ನ ಗೆಳತಿಯೊಬ್ಬಳ ಫೋಟೋ ಹಾಗೆ ಎರಡು ವರ್ಷ ಬಿಸಿಲಲ್ಲಿ ನಿಂತಿತ್ತು. ಅವಳ ಅಣ್ಣ ಬೈದದ್ದು ಸ್ಟುಡಿಯೋದವನನ್ನಲ್ಲ, ಅವಳನ್ನು.

ಲ್ಯಾಂಡ್ ಮಾಡಿದ್ದು ಆ ಕತ್ತಲೆ ಕೋಣೆಯನ್ನು ಕಾಗದದೊಳಗೇ ಮಡಿಸಿ ಇಟ್ಟದ್ದು. 1972ರಲ್ಲಿ ಬಂದ ಪೊಲರಾಯ್ಡಿನ ಫೋಟೋದ ಕೆಳಗೆ ದಪ್ಪ ಬಿಳಿ ಅಂಚು ಇರುತ್ತದಲ್ಲ, ಅದು ಅಂದಕ್ಕೆಂದು ಬಿಟ್ಟದ್ದಲ್ಲ. ತೊಳೆಯುವ ರಾಸಾಯನಿಕ ಗಂಜಿಯಂತೆ ಅದರೊಳಗೆ ಪುಟ್ಟ ಚೀಲದಲ್ಲಿರುತ್ತದೆ. ಹಾಳೆ ಹೊರಬರುವಾಗ ಎರಡು ಉರುಳೆಗಳ ನಡುವೆ, ಕಬ್ಬಿನ ಗಾಣದಲ್ಲಿ ಸಿಕ್ಕಿದ ಹಾಗೆ, ಆ ಚೀಲ ಒಡೆದು ಫೋಟೋದ ಉದ್ದಕ್ಕೂ ಸವರಿಕೊಳ್ಳುತ್ತದೆ. ನೀರಿಲ್ಲ, ಕತ್ತಲೆಯಿಲ್ಲ, ನಡುವೆ ಮೂರನೆಯವನಿಲ್ಲ. ಅಂದ ಹಾಗೆ ಹಾಳೆಯನ್ನು ಗಾಳಿಯಲ್ಲಿ ಅಲ್ಲಾಡಿಸಿದರೆ ಬೇಗ ಮೂಡುತ್ತದೆ ಎಂಬುದು ಸುಳ್ಳು. ಮುಚ್ಚಿದ ಗಾಜಿನ ಹಿಂದೆ ಕುದಿಯುವ ಹಾಲಿಗೆ ಬೀಸಣಿಗೆ ಬೀಸಿದ ಹಾಗೆ. ಆದರೂ ನಾನೂ ಅಲ್ಲಾಡಿಸುತ್ತೇನೆ.

ಆ ಕಂಪನಿಯ ಕಪ್ಪು-ಬಿಳುಪು ಫಿಲಮಿನ ಪ್ರಯೋಗಾಲಯವನ್ನು ವರ್ಷಗಟ್ಟಲೆ ನಡೆಸಿದ್ದು ಮೆರೋ ಮೋರ್ಸ್ ಎಂಬ ಹೆಂಗಸು. ಕಾಲೇಜಿನಲ್ಲಿ ಓದಿದ್ದು ಕಲೆಯ ಇತಿಹಾಸ, ರಸಾಯನಶಾಸ್ತ್ರವಲ್ಲ. 1969ರಲ್ಲಿ ಐವತ್ತು ತುಂಬುವ ಮೊದಲೇ ತೀರಿಕೊಂಡಳು. ಲ್ಯಾಂಡ್ ಹೆಸರು ಗೊತ್ತಿರುವವರಲ್ಲಿ ಎಷ್ಟು ಮಂದಿಗೆ ಇವಳ ಹೆಸರು ಗೊತ್ತು? ನನಗೂ ಇತ್ತೀಚೆಗೆ ತಿಳಿಯಿತು.

ಹಾಗೆಂದು ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಇದೇ ಪೊಲರಾಯ್ಡನ್ನು ದಕ್ಷಿಣ ಆಫ್ರಿಕದ ಬಿಳಿಯರ ಸರ್ಕಾರ ಕರಿಯರ ಪಾಸ್‌ಬುಕ್ಕಿಗೆ ಫೋಟೋ ತೆಗೆಯಲು ಬಳಸಿತು. ಆ ಪುಸ್ತಕ ಜೇಬಿನಲ್ಲಿಲ್ಲದೆ ತಮ್ಮ ದೇಶದ ಬೀದಿಯಲ್ಲೇ ಕರಿಯರು ಓಡಾಡುವಂತಿರಲಿಲ್ಲ. 1970ರಲ್ಲಿ ಇದನ್ನು ಕಂಡುಹಿಡಿದು ಬೀದಿಗಿಳಿದವರು ಅದೇ ಕಂಪನಿಯಲ್ಲಿ ಕೆಲಸಕ್ಕಿದ್ದ ಇಬ್ಬರು: ಕೆನ್ ವಿಲಿಯಮ್ಸ್ ಮತ್ತು ಕ್ಯಾರೊಲಿನ್ ಹಂಟರ್. ಹಂಟರ್ ಇನ್ನೂ ಚಿಕ್ಕ ವಯಸ್ಸಿನ ಕಪ್ಪು ಹೆಣ್ಣುಮಗಳು, ರಸಾಯನ ಓದಿದವಳು. ಕೆಲಸ ಹೋಯಿತು, ಹೋರಾಟ ಬಿಡಲಿಲ್ಲ. ಕಡೆಗೆ 1977ರಲ್ಲಿ ಕಂಪನಿ ಆ ದೇಶದಲ್ಲಿ ವ್ಯಾಪಾರ ನಿಲ್ಲಿಸಿತು. ಅದೇ ಗಂಜಿ, ಅದೇ ಒಂದು ನಿಮಿಷ. ಆದರೆ ಆ ಫೋಟೋ ಹೋಗಿ ಸೇರಿದ್ದು ಸರ್ಕಾರದ ಮೊಹರಿನ ಕೆಳಗೆ. ಹಾಗಾಗಿ ನಾನು ಕೇಳುವ ಪ್ರಶ್ನೆ ಕ್ಯಾಮೆರಾ ಯಾವುದೆಂದಲ್ಲ, ಹಾಳೆ ಕಡೆಗೆ ಯಾರ ಕೈಗೆ ಹೋಯಿತು ಎಂದು.

ಈ ಪ್ರಶ್ನೆಯನ್ನು ಕಳೆದ ಮಾಘಮಾಸದಲ್ಲಿ ಕನಕಪುರ ರಸ್ತೆಯ ಒಂದು ಕಲ್ಯಾಣಮಂಟಪದಲ್ಲೂ ಕೇಳಿದೆ, ನಗೆಪಾಟಲಾದೆ. ನೆಂಟರ ಮದುವೆ. ಮುಹೂರ್ತದ ಹೊತ್ತಿಗೆ ವಧೂವರರ ಸುತ್ತ ಕ್ಯಾಮೆರಾದವರ ಬೆನ್ನುಗಳೇ ಕೋಟೆ ಕಟ್ಟಿದ್ದವು. ಅಕ್ಷತೆ ಹಾಕಿದರೆ ಬೀಳುತ್ತಿದ್ದದ್ದು ಅವರ ಬೆನ್ನ ಮೇಲೆ. ತಲೆಯ ಮೇಲೆ ಡ್ರೋನು ಜೇನುಹುಳದ ಹಾಗೆ ಗುಯ್‌ಗುಟ್ಟುತ್ತಿತ್ತು. ಅಷ್ಟು ಫೋಟೋಗಳಲ್ಲಿ, ಬೆಳಗ್ಗೆ ನಾಲ್ಕಕ್ಕೆ ಎದ್ದು ಆರತಿ ತಟ್ಟೆ ಜೋಡಿಸಿದ, ಹುಡುಗಿಯ ಸೋದರತ್ತೆಯ ಮುಖ ಒಂದರಲ್ಲೂ ಇಲ್ಲ. ಆಲ್ಬಂ ಬಂದ ಮೇಲೆ ನಾನೇ ಪುಟ ತಿರುಗಿಸಿ ನೋಡಿದ್ದೇನೆ. ಇರಲಿ. ಊಟದ ಹಾಲಿನ ಬಾಗಿಲಲ್ಲಿ ಒಂದು ಮೇಜು, ಅದರ ಮೇಲೆ ನನ್ನ ಬಳಿ ಇರುವಂಥದೇ ಪುಟ್ಟ ಕ್ಯಾಮೆರಾ. ಗುರುತಿನವರನ್ನು ಕಂಡಷ್ಟು ಖುಷಿಯಾಯಿತು. ಒಬ್ಬ ಹುಡುಗಿ ನನ್ನನ್ನೂ ಸೋದರತ್ತೆಯನ್ನೂ ನಿಲ್ಲಿಸಿ ತೆಗೆದಳು. ಹಾಳೆ ಬಂತು. ಕೈ ಚಾಚಿದೆ. ಅವಳು ಅದನ್ನು ದಪ್ಪ ಪುಸ್ತಕವೊಂದಕ್ಕೆ ಅಂಟಿಸಿ, "ಇಲ್ಲಿ ವಿಶ್ ಬರೀರಿ ಆಂಟಿ" ಎಂದಳು. ಫೋಟೋ ನಮಗಲ್ಲವೇನಮ್ಮ ಎಂದೆ. "ಅಲ್ಲ ಆಂಟಿ, ಅದು ಕಪಲ್‌ಗೆ."

ನಮ್ಮ ಮುಖ ನಮಗೆ ಕೊಡುವುದಕ್ಕಾಗಿ ಹುಟ್ಟಿದ ವಸ್ತುವನ್ನೂ ಮದುವೆಯವರು ಮುಯ್ಯಿ ವಸೂಲಿ ಪುಸ್ತಕ ಮಾಡಿಟ್ಟಿದ್ದರು. ಹುಡುಗಿಗೆ ಇದನ್ನೇ ಸ್ವಲ್ಪ ಜೋರಾಗಿ ಹೇಳಿದೆ. ಸೋದರತ್ತೆ ನನ್ನ ಸೆರಗು ಎಳೆದು ಊಟಕ್ಕೆ ಕರೆದುಕೊಂಡು ಹೋದರು. ಇನ್ನೊಂದು ಶೋಕಿಯೂ ಉಂಟು. ಫೋನಿನಲ್ಲಿ ತೆಗೆದದ್ದನ್ನೇ ಬಿಳಿ ಅಂಚು ಬಿಟ್ಟು ಪ್ರಿಂಟ್ ಹಾಕಿಸಿ, 'ಪೊಲರಾಯ್ಡ್' ಎಂದು ಹೆಸರಿಟ್ಟು, ಮಿಣುಕು ದೀಪದ ಸರಕ್ಕೆ ಕ್ಲಿಪ್ಪಿನಿಂದ ನೇತುಹಾಕುವುದು. ಗಂಜಿಯಿಲ್ಲದ ಅಂಚು. ಅಕ್ಕಿ ಇಲ್ಲದ ಅಕ್ಷತೆಯ ಬಟ್ಟಲು ಇಟ್ಟ ಹಾಗೆ.

ಈಗ ಮಗನ ಲೆಕ್ಕಕ್ಕೆ ಬರೋಣ. ಐವತ್ತು ರೂಪಾಯಿ ಹೆಚ್ಚೇ. ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಅದು ಒಂದು ದಿನದ ಹಾಲು. ಅದನ್ನು ನಾನು ಹಗುರ ಮಾಡಿ ಮಾತಾಡುವುದಿಲ್ಲ. ಆದರೆ ಅದೇ ಮಾಲ್‌ನಲ್ಲಿ ಒಂದು ಲೋಟ ಕಾಫಿಗೆ ಇದರ ಮೂರರಷ್ಟು ಕೊಟ್ಟು, ಅರ್ಧ ಬಿಟ್ಟು ಎದ್ದುಬರುವವನು ಈ ಮಾತು ಹೇಳಬಾರದು. ದುಡ್ಡು ಕೊಡಬೇಕಾದ್ದರಿಂದಲೇ ನಾನು ವರ್ಷಕ್ಕೆ ಮೂರು ಪೊಟ್ಟಣಕ್ಕಿಂತ ಹೆಚ್ಚು ಕೊಳ್ಳುವುದಿಲ್ಲ. ಮೂವತ್ತು ಫೋಟೋ, ಮೂವತ್ತು ಜನ. ತೆಗೆಯುವ ಮೊದಲು ಯಾರದು ಎಂದು ಯೋಚಿಸಬೇಕಾಗುತ್ತದೆ. ಪುಕ್ಕಟೆಯ ಇಪ್ಪತ್ತೆರಡು ಸಾವಿರದಲ್ಲಿ ಅಮ್ಮನನ್ನು ಹುಡುಕಲು ಮೂರು ಸೀಟಿ ಸಾಲದಾಯಿತು, ಅದನ್ನು ನೆನಪಿಸುತ್ತೇನೆ.

ಇದು ಸತ್ತುಹೋದ ಕಸುಬು, ಮತ್ತೆ ಯಾಕೆ ಎಬ್ಬಿಸುತ್ತೀರಿ ಎನ್ನುವವರಿದ್ದಾರೆ. ಸತ್ತದ್ದು ನಿಜ. 2001ರಲ್ಲಿ ಪೊಲರಾಯ್ಡ್ ದಿವಾಳಿಯಾಯಿತು, 2008ರಲ್ಲಿ ಫಿಲಮು ಮಾಡುವುದನ್ನೇ ನಿಲ್ಲಿಸುತ್ತೇವೆಂದು ಸಾರಿತು. ಹಾಲೆಂಡಿನ ಎನ್‌ಸ್ಕೆಡೆಯ ಕೊನೆಯ ಕಾರ್ಖಾನೆಯ ಯಂತ್ರಗಳನ್ನು ಒಂದಿಷ್ಟು ಹುಚ್ಚರು ಗುಜರಿಗೆ ಹೋಗದಂತೆ ಉಳಿಸಿಕೊಂಡು 2010ರಲ್ಲಿ ಮತ್ತೆ ಫಿಲಮು ತಂದರು. ಜಪಾನಿನ ಫ್ಯೂಜಿಯವರು 1998ರಲ್ಲೇ ಇನ್‌ಸ್ಟಾಕ್ಸ್ ಎಂದು ಶುರುಮಾಡಿದ್ದರು. ನನ್ನ ಬಳಿ ಇರುವುದು ಆ ವಂಶದ್ದು. ಫೋನುಗಳ ಕಾಲದಲ್ಲೇ ಇವೆರಡೂ ಬದುಕಿವೆ. ಬೇಡದ ವಸ್ತುವಾಗಿದ್ದರೆ ಬದುಕುತ್ತಿತ್ತೇ?

ತಪ್ಪುಗಳೂ ಇವೆ, ಮುಚ್ಚಿಡುವುದಿಲ್ಲ. ಪ್ರತಿ ಹತ್ತು ಫೋಟೋಕ್ಕೆ ಒಂದು ಕರಿ ಪ್ಲಾಸ್ಟಿಕ್ ಡಬ್ಬಿ ಕಸಕ್ಕೆ ಹೋಗುತ್ತದೆ. ನಾನು ಅದರಲ್ಲಿ ಸೂಜಿ ದಾರ ಇಟ್ಟುಕೊಂಡೆ, ಆದರೆ ಒಂದು ಮನೆಗೆ ಎಷ್ಟು ಸೂಜಿ ದಾರ ಬೇಕು? ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ. ದೊಡ್ಡದು ಮಾಡಿಸಲು ಬರುವುದಿಲ್ಲ, ಅದನ್ನು ನೋವಿನಿಂದ ಕಲಿತೆ. ಆ ಅವರೆಕಾಳಿನ ಫೋಟೋ ತೆಗೆದ ಎಂಟು ತಿಂಗಳಿಗೆ ಅತ್ತೆ ಹೋದರು. ವೈಕುಂಠ ಸಮಾರಾಧನೆಗೆ ಕಟ್ಟು ಹಾಕಿಸಲು ಫೋಟೋ ಬೇಕಿತ್ತು. ಸಂಚಿಯಲ್ಲಿ ಆ ಹಾಳೆ ಸಿಕ್ಕಿತು, ಅಂಚಿನಲ್ಲಿ ಸುಣ್ಣದ ಕಲೆ. ಸ್ಟುಡಿಯೋಕ್ಕೆ ಒಯ್ದೆವು, ಹಿಗ್ಗಿಸಿದರೆ ಮುಖ ಹೊಗೆಯಾಗಿ ಹೋಯಿತು. ಕಡೆಗೆ ಯಾರದೋ ಮದುವೆಯ ಗುಂಪಿನ ಫೋಟೋದಿಂದ ಅವರೊಬ್ಬರನ್ನು ಕತ್ತರಿಸಿ ತೆಗೆದು ಕಟ್ಟು ಹಾಕಿಸಿದೆವು. ಈಗಲೂ ನಡುಮನೆಯಲ್ಲಿ ಅವರ ಎಡ ಭುಜದ ಪಕ್ಕ ಬೇರೆ ಯಾರದೋ ಹಸಿರು ಸೀರೆಯ ಚೂರು ಕಾಣುತ್ತದೆ. ಆ ಫೋಟೋ ಮನೆಯದು. ಸುಣ್ಣದ ಕಲೆಯದನ್ನು, ಅತ್ತೆಯವರ ಜೊತೆಯಲ್ಲೇ ಕಳಿಸಬೇಕಿತ್ತೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಸಂಚಿಯಲ್ಲೇ ಇಟ್ಟಿದ್ದೇನೆ.

ಫೋನನ್ನು ನಾನು ಬೈಯುವುದಿಲ್ಲ. ದಿನಾ ಬಳಸುತ್ತೇನೆ, ಮೊಮ್ಮಗುವಿನ ಮುಖ ಅದರಲ್ಲೇ ನೋಡುತ್ತೇನೆ. ಆದರೆ ಅದರಲ್ಲಿ ತೆಗೆದ ಫೋಟೋ ಎಲ್ಲಿ ಹೋಗುತ್ತದೆಂದು ತೆಗೆದವನಿಗೂ ಗೊತ್ತಿಲ್ಲ. ಮಧ್ಯಾಹ್ನ ನಾನು ನೈಟಿಯಲ್ಲಿ ಹಪ್ಪಳ ಒಣಹಾಕಿದ್ದು ಸಾಯಂಕಾಲಕ್ಕೆ ಮೂರು ಗ್ರೂಪುಗಳಲ್ಲಿ ಇರುತ್ತದೆ, ಕೆಳಗೆ 'ಸೂಪರ್ ಅತ್ತೆ' ಎಂದು ಬರೆದಿರುತ್ತಾರೆ. ನನ್ನನ್ನು ಯಾರು ಕೇಳಿದರು? ನನ್ನದು ಹಪ್ಪಳದಲ್ಲಿ ಮುಗಿಯಿತು. ಹುಡುಗಿಯರದು ಅಷ್ಟರಲ್ಲಿ ಮುಗಿಯುವುದಿಲ್ಲ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬಳ ಮೈಗೆ ಅಂಟಿಸಿದ ವಿಡಿಯೋ ದೇಶವೆಲ್ಲ ಸುತ್ತಿತು. ಹೆಸರಾಂತ ನಟಿ, ಆಕೆಯ ಪರವಾಗಿ ಮಾತಾಡುವವರಿದ್ದರು. ಪೊಲೀಸರು ಹುಡುಕಿ ಒಬ್ಬನನ್ನು ಹಿಡಿದರು. ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿಗೆ ಯಾರಿದ್ದಾರೆ? ಆ ಸುದ್ದಿ ಬಂದ ವಾರ ಅವಳು ಫೋನಿನಲ್ಲಿದ್ದ ತನ್ನ ಮುಖ ತೆಗೆದು ದಾಸವಾಳ ಹಾಕಿಕೊಂಡಳು. ಪದವಿ ಸಮಾರಂಭದ ದಿನ ಕರಿ ಗೌನು ಹಾಕಿಕೊಂಡು ನಮ್ಮ ಮನೆಗೆ ಓಡಿಬಂದು, "ಆಂಟಿ, ಫೋನಲ್ಲಿ ಬೇಡ, ನಿಮ್ಮ ಆ ಪುಟಾಣಿ ಕ್ಯಾಮೆರಾದಲ್ಲಿ ತೆಗೀರಿ" ಎಂದಳು. ಎರಡು ತೆಗೆದೆ. ಒಂದು ಅವಳಿಗೆ, ಒಂದು ಅವಳ ಅಮ್ಮನಿಗೆ. ಹುಡುಗಿಯರು ಹೆದರಿ ದಾಸವಾಳದ ಹಿಂದೆ ಅಡಗುವುದೇ ಸರಿ ಎಂದು ನಾನು ಹೇಳುತ್ತಿಲ್ಲ. ಅಡಗಬೇಕಾದವರು ಅವರಲ್ಲ. ಆದರೆ ಅವತ್ತು ಅವಳಿಗೆ ಬೇಕಾದ್ದು ಒಂದು ಫೋಟೋ, ಅದು ಎಲ್ಲಿದೆ ಎಂದು ಗೊತ್ತಿರುವ ನೆಮ್ಮದಿ. ಎರಡೂ ನೂರು ರೂಪಾಯಿ ಚಿಲ್ಲರೆಗೆ ಸಿಕ್ಕವು.

ಇಷ್ಟೆಲ್ಲ ಬರೆದ ಮೇಲೆ ನನ್ನದೊಂದು ಕಳ್ಳತನವನ್ನೂ ಹೇಳಿಬಿಡಬೇಕು.

ಕ್ರಾಸಿನಲ್ಲಿ ಮೆಟ್ರೋ ಕಂಬದ ನೆರಳಿನಲ್ಲಿ ಹೂ ಮಾರುವಾಕೆಯ ಹತ್ತಿರ ನಾನು ಬಹಳ ಕಾಲದಿಂದ ಹೂ ಕೊಳ್ಳುತ್ತೇನೆ. 2021ರಲ್ಲಿ ಇಲ್ಲಿಗೆ ಮೆಟ್ರೋ ಬರುವ ಮೊದಲು ಆಕೆ ಮರದ ಕೆಳಗೆ ಕೂರುತ್ತಿದ್ದಳು. ಆ ಮರ ಹೋಯಿತು, ಕಂಬ ಬಂತು, ಆಕೆ ಬುಟ್ಟಿಯನ್ನು ಹತ್ತಡಿ ಈಚೆಗೆ ಎಳೆದುಕೊಂಡಳು, ಅಷ್ಟೆ. ಶ್ರಾವಣ ಶನಿವಾರ ವಸಂತಪುರದ ವಲ್ಲಭರಾಯನ ಗುಡಿಗೆ ಹೋಗುವಾಗ ಕ್ಯಾಮೆರಾ ಚೀಲದಲ್ಲಿತ್ತು. ಮಲ್ಲಿಗೆ ಅಳೆಯುತ್ತಿದ್ದವಳನ್ನು, ಒಂದು ಫೋಟೋ ತೆಗೀಲಾ ಎಂದೆ.

"ಯಾಕಕ್ಕಾ, ಪೇಪರ್‌ಗಾ?"

"ಇಲ್ಲಮ್ಮ, ನಿನಗೇ."

ನಂಬಲಿಲ್ಲ. ಆಧಾರ್ ಕಾರ್ಡಿನದು ಬಿಟ್ಟರೆ ತನ್ನ ಫೋಟೋ ಮನೆಯಲ್ಲಿ ಒಂದೂ ಇಲ್ಲ, ಮದುವೆಯದು ಒಂದಿತ್ತು, ಮನೆಗೆ ಮಳೆ ನೀರು ನುಗ್ಗಿದಾಗ ನೆಂದು ಹೋಯಿತು ಎಂದಳು. ಆಧಾರಿನಲ್ಲಿ ತಾನು ಕಳ್ಳಿಯ ಹಾಗೆ ಇದ್ದೇನೆ ಎಂದು ನಕ್ಕಳು. ಕೂದಲು ಸರಿಮಾಡಿಕೊಂಡು, ಬುಟ್ಟಿಯಿಂದ ಒಂದು ತುಂಡು ಕನಕಾಂಬರ ಮುರಿದು ಮುಡಿದುಕೊಂಡು ಕೂತಳು. ಗರ್‍ ಎಂದಿತು. ಹಾಳೆ ಆಕೆಯ ಒದ್ದೆ ಕೈಗೆ ಕೊಟ್ಟೆ. ಪಕ್ಕದ ಎಳನೀರಿನವನೂ ಬಂದು ಬಗ್ಗಿದ. ಮೂಡಿದ ಮೇಲೆ ನೋಡುತ್ತೇನೆ, ಅಷ್ಟು ಚೆನ್ನಾಗಿ ನಾನು ಯಾವತ್ತೂ ತೆಗೆದಿರಲಿಲ್ಲ. ಹೂವಿನ ರಾಶಿ, ಕಂಬದ ನೆರಳು ಮುಖದ ಅರ್ಧಕ್ಕೆ, ಇನ್ನೇನು ಮಾತಾಡಿಬಿಡುತ್ತಾಳೆ ಎನ್ನುವಂಥ ಬಾಯಿ. ನನಗೆ ಆಸೆ ತಡೆಯಲಿಲ್ಲ. ಮಗನಿಗೆ ತೋರಿಸಬೇಕು, ತಂಗಿಯ ಮಗಳಿಗೆ ಕಳಿಸಬೇಕು. ಕೈ ತಾನಾಗಿಯೇ ಚೀಲದಲ್ಲಿದ್ದ ಫೋನಿಗೆ ಹೋಯಿತು.

"ಒಂದು ನಿಮಿಷ ಕೊಡಮ್ಮ, ಮೊಬೈಲಲ್ಲಿ ಒಂದು ತಕ್ಕೊಂಡು ಕೊಡ್ತೀನಿ" ಎಂದೆ.

ಆಕೆ ಅಷ್ಟರಲ್ಲಿ ಅದನ್ನು ಕುಪ್ಪಸದೊಳಗಿನ ಪರ್ಸಿಗೆ ಸೇರಿಸಿಯಾಗಿತ್ತು. "ನಂಗೆ ಅಂದ್ರಲ್ಲಕ್ಕಾ" ಎಂದಳು. ಆಮೇಲೆ ನನ್ನ ಮಲ್ಲಿಗೆಯನ್ನು ಮತ್ತೊಮ್ಮೆ ಅಳೆದು, ಮೊಳದ ಮೇಲೆ ಒಂದು ಗೇಣು ಹೆಚ್ಚಿಗೆ ಬಿಟ್ಟು, ಎಲೆಯಲ್ಲಿ ಸುತ್ತಿಕೊಟ್ಟಳು.